ನನ್ನ ದೊಡ್ಡಮ್ಮನ ಎಡಗೆನ್ನೆಯನ್ನು ವಾಪಸು ಕೊಡಿ

ಗುರುತಿನ ಚೀಟಿ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ದೊಡ್ಡಮ್ಮನ ಗುರುತಿನ ಚೀಟಿಯ ಫೋಟೋ ಬದಲಿಸಿಕೊಡಿ ಎಂಬ ಅರ್ಜಿಯನ್ನು ನಿಮ್ಮ ಕಚೇರಿ ಮೂರನೇ ಸಲ ತಿರುಗಿ ಕಳಿಸಿದೆ. ‘ಕಾರಣ ಸಮರ್ಪಕವಾಗಿಲ್ಲ’ ಎಂದು ಷರಾ ಬರೆದಿದ್ದೀರಿ. ನಾನು ಕೊಟ್ಟ ಕಾರಣ ಒಂದೇ ಸಾಲಿನದು: ‘ಚೀಟಿಯಲ್ಲಿರುವುದು ಅವಳ ಮುಖವಲ್ಲ.’ ಗುರುತಿನ ಚೀಟಿ ಬದಲಿಸಲು ಇದಕ್ಕಿಂತ ದೊಡ್ಡ ಕಾರಣ ಇನ್ನೇನು ಬೇಕು ಸ್ವಾಮಿ? ನಿಮ್ಮ ನಮೂನೆಯ ಪ್ರಕಾರ ಫೋಟೋ ಕಳೆದಿರಬೇಕು, ಹರಿದಿರಬೇಕು, ಸುಟ್ಟಿರಬೇಕು ಅಥವಾ ಅಸ್ಪಷ್ಟವಾಗಿರಬೇಕು. ಈ ಫೋಟೋಗೆ ಅಂಥದ್ದೇನೂ ಆಗಿಲ್ಲ. ಅದು ಬಹಳ ಸ್ಪಷ್ಟವಾಗಿ ಸುಳ್ಳು ಹೇಳುತ್ತಿದೆ, ಅಷ್ಟೆ. ಕಿಟಕಿಯಲ್ಲಿ ಕೂತ ನಿಮ್ಮ ಗುಮಾಸ್ತರಂತೂ ನನಗೇ ಬುದ್ಧಿ ಹೇಳಿದರು: “ಇಷ್ಟು ಚೆನ್ನಾಗಿರೋ ಫೋಟೋನ ಯಾಕ್ರೀ ಕೆಡಿಸ್ತೀರಾ?”

ಅವರ ಮೇಲೆ ರೇಗಬೇಕೆನಿಸಿತು. ಆದರೆ ಆ ಫೋಟೋವನ್ನು ಅಷ್ಟು ‘ಚೆನ್ನಾಗಿ’ ಮಾಡಿದವನು ನಾನೇ.

ನಿಮ್ಮ ಕಚೇರಿಯ ಎದುರಿಗಿರುವ ಫೋಟೋ ಸ್ಟುಡಿಯೋ ನನ್ನದು. ಇಪ್ಪತ್ತೆರಡು ವರ್ಷಗಳಿಂದ ಈ ಊರಿನವರ ಮೊಡವೆ, ಮಚ್ಚೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪುಗಳನ್ನೆಲ್ಲ ನಾನು ಕಸ ಗುಡಿಸಿದಂತೆ ಗುಡಿಸಿದ್ದೇನೆ. “ಅಣ್ಣಾ, ಒಂಚೂರು ಬೆಳ್ಳಗೆ ಮಾಡಿ” ಎಂದು ಕೇಳಿದವರಿಗೆ ಎರಡು ಚೂರು ಬೆಳ್ಳಗೆ ಮಾಡಿದ್ದೇನೆ. ಹದಿನೆಂಟರ ಹುಡುಗಿಯರು ತಮ್ಮದೇ ಫೋಟೋವನ್ನು ಕೈಯಲ್ಲಿ ಹಿಡಿದು, ಗೋಡೆಯ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡು, ಸಪ್ಪಗಾಗಿ ಹೊರಗೆ ಹೋಗುವುದನ್ನು ನೋಡಿಯೂ ‘ಮುಂದಿನವರು ಬನ್ನಿ’ ಎಂದಿದ್ದೇನೆ. ನಿಮ್ಮ ಕೊಠಡಿಯ ಗೋಡೆಯಲ್ಲಿ ತೂಗುವ ತಮ್ಮ ಭಾವಚಿತ್ರವೂ ನನ್ನ ಅಂಗಡಿಯದೇ. ಅದರಿಂದ ಏನೇನು ತೆಗೆದೆ ಎಂದು ಇಲ್ಲಿ ಬರೆಯುವುದಿಲ್ಲ. ವೃತ್ತಿಧರ್ಮ ಎಂಬುದೊಂದಿದೆಯಲ್ಲ!

ಇನ್ನು ದೊಡ್ಡಮ್ಮನ ಕತೆ. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದು ಇವಳೇ, ತಾಯಿಯ ಅಕ್ಕ. ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಅವಳ ಎಡಗೆನ್ನೆಯ ತುಂಬ, ಕಿವಿಯಿಂದ ಗದ್ದದವರೆಗೆ, ಮಸಿ ಚೆಲ್ಲಿದಂಥ ಹುಟ್ಟುಮಚ್ಚೆ. ಬೀದಿಯ ಮಕ್ಕಳು ‘ಇದೇನಜ್ಜಿ?’ ಎಂದು ಕೇಳಿದರೆ ಅವಳ ಬಳಿ ಕತೆಗಳಿಗೆ ಬರವಿರಲಿಲ್ಲ. “ನನ್ನ ಮಾಡೋವಾಗ ದೇವ್ರು ಕೈ ತೊಳ್ಕೊಂಡಿರ್ಲಿಲ್ಲ ಕಣೋ” ಎಂದು ಒಬ್ಬನಿಗೆ. “ಕತ್ಲೆ ನಂಗೆ ಮುತ್ತು ಕೊಟ್ಟು ಓಡೋಗ್ಬಿಡ್ತು” ಎಂದು ಇನ್ನೊಬ್ಬಳಿಗೆ. ಆಗತಾನೆ ಹುಟ್ಟಿದ ಕೂಸುಗಳು ಕಣ್ಣು ಬಿಟ್ಟು ಮೊದಲು ದಿಟ್ಟಿಸುವುದೇ ತನ್ನ ಕೆನ್ನೆಯನ್ನು ಎಂದು ಅವಳಿಗೆ ಒಂದಿಷ್ಟು ಜಂಬವೂ ಇತ್ತು.

ಚೀಟಿಗೆಂದು ಫೋಟೋ ತೆಗೆಸಲು ಬಂದವಳು “ಬೇಗ ತೆಗ್ಯೋ ಮಗ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ” ಎಂದಳೇ ಹೊರತು ಕೆನ್ನೆಯ ಮಾತೆತ್ತಲಿಲ್ಲ. ನಾನು ಮಚ್ಚೆಯನ್ನು ಅಳಿಸಿದೆ. ಅಭ್ಯಾಸದ ಕೈ, ತಾನಾಗಿ ಓಡಿತು ಎಂದು ಮನೆಯಲ್ಲಿ ಹೇಳಿದೆ. ಅದು ಸುಳ್ಳು, ಮಾನ್ಯರೇ. ಶಾಲೆಗೆ ಹೋಗುವಾಗ ನಾನು ಯಾವಾಗಲೂ ಅವಳ ಬಲಗೈ ಹಿಡಿಯುತ್ತಿದ್ದೆ. ಎಡಗಡೆ ನಡೆದದ್ದು ನೆನಪಿಲ್ಲ. ನಲವತ್ತು ವರ್ಷ ಯಾರಿಗೂ ಹೇಳದ ಆಸೆಯನ್ನು ಆ ದಿನ ಕಂಪ್ಯೂಟರಿನಲ್ಲಿ ಐದು ನಿಮಿಷದಲ್ಲಿ ತೀರಿಸಿಕೊಂಡೆ.

ಆ ಫೋಟೋ ಹಿಡಿದು ಅವಳು ನಿಮ್ಮ ಕಿಟಕಿಗೆ ಬಂದಳು. ಜೊತೆಗೆ ನಾನೂ ಇದ್ದೆ.

“ಇದು ನಿಮ್ದೇನಾ ಅಜ್ಜಿ?”

“ನಂದೇ ಕಣಪ್ಪ.”

“ಮತ್ತೆ ಕೆನ್ನೆ ಮೇಲಿನ ಈ ಕಪ್ಪು?”

“ಅದೂ ನಂದೇ.”

ಸಾಲಿನಲ್ಲಿ ನಿಂತವರು ನಕ್ಕರು. ಅವಳೂ ನಕ್ಕಳು. ಗುಮಾಸ್ತರು ನಗಲಿಲ್ಲ. “ಮುಖಕ್ಕೂ ಫೋಟೋಗೂ ಹೊಂದಬೇಕು. ಹೊಂದಿಸ್ಕೊಂಡು ಬನ್ನಿ” ಎಂದರು. ಬೇರೆ ಫೋಟೋ ತನ್ನಿ ಎಂಬುದು ಆ ಮಾತಿನ ಅರ್ಥ ಎಂದುಕೊಂಡೆ. ದೊಡ್ಡಮ್ಮ ಹಾಗೆಂದುಕೊಳ್ಳಲಿಲ್ಲ. ಮರುದಿನ ನನಗೆ ಹೇಳದೆ ಕ್ರೀಮು, ಪೌಡರು ಕೊಂಡು, ಗೋಡೆಗೆ ಸುಣ್ಣ ಬಳಿದಂತೆ ಕೆನ್ನೆಗೆ ಬಳಿದುಕೊಂಡು ಒಬ್ಬಳೇ ನಿಮ್ಮ ಕಿಟಕಿಗೆ ಹೋದಳು. ಗುಮಾಸ್ತರು “ಈಗ ಸರಿಹೋಯ್ತು ನೋಡಿ” ಎಂದು ಮುದ್ರೆ ಒತ್ತಿದರು. ನಿಮ್ಮ ಕಚೇರಿ ನಿಜವಾದ ಮುಖವನ್ನು ತಿರಸ್ಕರಿಸಿ ಬಳಿದ ಮುಖವನ್ನು ದೃಢೀಕರಿಸಿತು. ಇಂಥ ದಕ್ಷತೆಗೆ ಯಾವ ಪದಕ ಕೊಡೋಣ ಹೇಳಿ?

“ಯಾಕೆ ಹೀಗ್ಮಾಡ್ದೆ ದೊಡ್ಡಮ್ಮ? ಬೇರೆ ಫೋಟೋ ತೆಗೀತಿದ್ನಲ್ಲ” ಎಂದು ಕೇಳಿದೆ.

“ನೀನು ಅಷ್ಟು ಆಸೆಯಿಂದ ಮಾಡ್ಕೊಟ್ಟಿದ್ದೆ. ನನ್ನ ಮುಖ ಹಿಂಗಿರ್ಬೇಕು ಅಂತ ನಿನ್ ಮನಸ್ಸಲ್ಲಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಮಗ. ಮುಂಚೆನೇ ಹೇಳಿದ್ರೆ ಮುಂಚಿನಿಂದ್ಲೂ ಹಚ್ಕೋತಿದ್ದೆ.”

ಎಂಟು ತಿಂಗಳಾಯಿತು. ಅವಳೀಗ ಬೆಳಿಗ್ಗೆ ಕೆನ್ನೆ ಬಳಿದುಕೊಳ್ಳದೆ ಹಾಲಿನವನಿಗೆ ಬಾಗಿಲು ತೆರೆಯುವುದಿಲ್ಲ. ಚರ್ಮ ಕೆಂಪಾಗಿ, ತುರಿಕೆ ಎದ್ದು, ಸಿಪ್ಪೆ ಏಳುತ್ತಿದೆ. ಹಚ್ಚಲೇಬಾರದು ಎಂದು ಡಾಕ್ಟರು ಗದರಿದ್ದಾರೆ. “ಚೀಟೀಲಿರೋಳು ನೀನಲ್ಲ ಅಂತ ಯಾರಾದ್ರೂ ಅಂದ್ರೆ?” ಎಂದು ಮತ್ತೆ ಹಚ್ಚುತ್ತಾಳೆ. ಬೀದಿಯ ಮಕ್ಕಳಿಗೆ ಕೇಳಲು ಏನೂ ಉಳಿದಿಲ್ಲ, ಕತೆಗಳೂ ನಿಂತಿವೆ. ನೆರೆಯವರು “ನಿಮ್ಮ ದೊಡ್ಡಮ್ಮ ಈಗ ಎಷ್ಟು ಲಕ್ಷಣವಾಗಿ ಕಾಣ್ತಾರೆ!” ಎಂದಾಗ ನನಗೆ ನೆಲ ಬಿರಿಯಬಾರದೇ ಅನಿಸುತ್ತದೆ.

ಹೋದ ವಾರ ಅವಳ ಕಾಲ ಬಳಿ ಕೂತು ತಪ್ಪೊಪ್ಪಿಕೊಂಡೆ. ಮುಖ ತೊಳೆದು ಬಾ, ಇರುವ ಹಾಗೇ ತೆಗೆಯುತ್ತೇನೆ, ಕಚೇರಿಯವರನ್ನು ಒಪ್ಪಿಸುತ್ತೇನೆ ಎಂದೆ. ಅವಳು ಕೇಳಿದಳು: “ಆಫೀಸ್ನೋರು ಒಪ್ತಾರೆ ಬಿಡು. ನೀನು ಒಪ್ತೀಯೇನೋ?”

ಒಪ್ಪುತ್ತೇನೆ ಎಂದೆ. ನಂಬಿದಂತೆ ಕಾಣಲಿಲ್ಲ. ಏಕೆ ನಂಬಬೇಕು? ನನ್ನ ಬಾಯಿಗಿಂತ ಮೊದಲೇ ನನ್ನ ಕೈ ಅವಳಿಗೆ ಉತ್ತರ ಕೊಟ್ಟಾಗಿದೆ. ಅದಕ್ಕೇ ಈ ಮಾತನ್ನು ಊರೆಲ್ಲ ಓದುವಂತೆ ಬಹಿರಂಗ ಪತ್ರವಾಗಿ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ಇಷ್ಟೇ. ನಮೂನೆಯಲ್ಲಿ ಐದನೆಯ ಕಾರಣ ಸೇರಿಸಿ: ‘ಫೋಟೋದಲ್ಲಿರುವುದು ನನ್ನ ಮುಖವಲ್ಲ.’ ತಪ್ಪು ಫೋಟೋ ಕೊಟ್ಟದ್ದಕ್ಕೆ ದಂಡ, ಶಿಕ್ಷೆ ಏನಿದ್ದರೂ ನನ್ನ ಹೆಸರಿಗೆ ಬರೆಯಿರಿ. ಸೋಮವಾರ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಅವಳನ್ನು ಕರೆತರುತ್ತೇನೆ. ಈ ಸಲ ಅವಳ ಎಡಗೈ ಹಿಡಿದು. ಮುಖ ತೊಳೆದುಕೊಂಡು ಬರುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ತೊಳೆದುಕೊಂಡು ಬಂದರೆ, ದಯವಿಟ್ಟು, ಅವಳನ್ನು ನೋಡಿ ಯಾರೂ ‘ಇದು ನೀವೇನಾ’ ಎಂದು ಕೇಳಬೇಡಿ.

ಇಂತಿ,
ಸಾಕಿದವಳ ಮುಖದಲ್ಲೇ ತಪ್ಪು ಹುಡುಕಿ ತಿದ್ದಿದ,
ನಿಮ್ಮೆದುರು ಅಂಗಡಿಯ ಫೋಟೋದವನು