ಹಗ್ಗದ ಆಚೆಗೊಂದು ಕಾಗದ

ಮೇವಿನ ಕೋಣೆ,
ಗುರುವಾರ ಬೆಳಿಗ್ಗೆ

ಕೆಂಚಿಯ ಯಜಮಾನರಿಗೆ,

ನಿಮ್ಮ ಕುದುರೆ ಬದುಕಿಕೊಂಡಳು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀವು ಉಳಿದದ್ದನ್ನು ಓದುವವರಲ್ಲ. ಲದ್ದಿ ಉಂಡೆ ಕಟ್ಟುತ್ತಿದೆ. ಈಗಷ್ಟೇ ನನ್ನ ತೋಳು ಕಚ್ಚಲು ಬಂದಳು, ಅಂದರೆ ಹುಷಾರಾಗಿದ್ದಾಳೆ.

ಅಂಗಳದ ಆಚೆಗಿರುವ ಮನೆಗೆ ಕಾಗದ ಬರೆಯುವುದು ನಗೆಪಾಟಲೇ ಸರಿ. ಆದರೆ ನಮ್ಮಿಬ್ಬರ ಮಾತುಕತೆಯ ಚೆಂದ ನಿಮಗೇ ಗೊತ್ತು. ನಾನು ಪಟ್ಟಣದ ಪಶು ಆಸ್ಪತ್ರೆಯ ಕೆಲಸಕ್ಕೆ ಹೊರಟಾಗ ನೀವು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಲಾಳ ಬಡಿಯುತ್ತಾ ಕೂತಿರಿ. ನಾನೂ ಪಟ್ಟು ಸಡಿಲಿಸಲಿಲ್ಲ. ಹೋದ ವಾರ ನಿಮ್ಮ ತಂಗಿ ಫೋನ್ ಮಾಡಿ, "ಅತ್ತಿಗೆ, ಕೆಂಚಿಗೆ ಭೇದಿ ನಿಲ್ತಾನೇ ಇಲ್ಲ, ಅಣ್ಣ ಊಟಾನೂ ಬಿಟ್ಟು ಕೂತಿದ್ದಾನೆ" ಎಂದಾಗ ಚೀಲ ಹಿಡಿದು ಓಡಿಬಂದೆ.

ಬಂದವಳೇ ಲಾಯಕ್ಕೆ ಹಗ್ಗ ಕಟ್ಟಿ ಯಾರೂ ದಾಟಬೇಡಿ ಎಂದೆನಲ್ಲ, ಅದು ಡಾಕ್ಟರಮ್ಮನ ಜಂಬವಲ್ಲ. ಅವಳಿಗೆ ಜ್ವರವಿತ್ತು. ಕತ್ತಿನ ಚರ್ಮ ಚಿವುಟಿದರೆ ಹಾಗೇ ನಿಲ್ಲುತ್ತಿತ್ತು. ಮೈಯಲ್ಲಿ ನೀರೇ ಉಳಿದಿರಲಿಲ್ಲ. ಸೋಂಕಾಗಿದ್ದರೆ ಬೂಟಿಗಂಟಿ ಮಿಕ್ಕ ಕುದುರೆಗಳಿಗೂ ಮನೆಯವರಿಗೂ ಹಬ್ಬುತ್ತದೆ. ಅದಕ್ಕೇ ಲದ್ದಿಯನ್ನು ಲ್ಯಾಬಿಗೆ ಕಳಿಸಿ, ನಾನೂ ಹಗ್ಗದ ಒಳಗೇ, ಈ ಮೇವಿನ ಮೂಟೆಗಳ ನಡುವೆ ಉಳಿದೆ.

ಹಗ್ಗದ ಆಚೆಯಿಂದ ನೀವು, "ಒಂದು ಇಂಜೆಕ್ಷನ್ ಹಾಕಿ ನಿಲ್ಸಿಬಿಡೇ" ಎಂದಿರಿ. ಇಷ್ಟು ಕಾಲದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು. ಆಗುವುದಿಲ್ಲ ಎಂದೆ. ಕಾರಣ ತಿಳಿಯದೆ ಔಷಧಿ ಸುರಿದರೆ ಹೊಟ್ಟೆಯೊಳಗಿನ ಒಳ್ಳೆಯ ಸೂಕ್ಷ್ಮಜೀವಿಗಳೂ ಸತ್ತು ಭೇದಿ ಹೆಚ್ಚಬಹುದು. ಡ್ರಿಪ್ ಹಾಕಿ ಕಾದೆ.

ಆಮೇಲೆ ರಬ್ಬರ್ ಕೈಗವಸಿನೊಳಗೆ ಲದ್ದಿಯನ್ನು ನೀರಿನಲ್ಲಿ ಕಲಸಿ ಮೊಳೆಗೆ ನೇತುಹಾಕಿದೆ. ಸ್ವಲ್ಪ ಹೊತ್ತಿಗೆ ಬೆರಳುಗಳ ತುದಿಯಲ್ಲೆಲ್ಲ ಮರಳು ಕೂತಿತ್ತು, ಭೇದಿಗೆ ಕಾರಣ ಅದೇ. ನಾನು ಗೋಡೆಗೆ ಹಾಕಿಸಿದ್ದ ಮೇವಿನ ತೊಟ್ಟಿ ಎಲ್ಲಿ ಎಂದು ಆಗ ನೋಡಿದೆ. ಕಿತ್ತು ಮೂಲೆಗೆ ಹಾಕಿ, ಹುಲ್ಲನ್ನು ಲಾಯದ ಮರಳು ನೆಲದ ಮೇಲೆ ಸುರಿಯುತ್ತಿದ್ದಿರಿ. ಯಾಕೆ ಎಂದು ಕೇಳಿದ್ದಕ್ಕೆ, "ನೀನು ಹೋದ್ಮೇಲೆ ಅದನ್ನ ನೋಡಕ್ಕಾಗ್ತಿರಲಿಲ್ಲ" ಎಂದು ಮುಖ ತಿರುಗಿಸಿದಿರಿ. ನಮ್ಮಿಬ್ಬರ ಬಿಗುಮಾನಕ್ಕೆ ಮರಳು ತಿಂದದ್ದು ಆ ಮೂಕಪ್ರಾಣಿ. ಬೈಯಬೇಕೆಂದುಕೊಂಡಿದ್ದೆ, ಅಳು ಬಂತು.

ಸದ್ಯ ಕಾಳು ಬೇಡ, ಒಣಹುಲ್ಲು ಸಾಕು, ಅದೂ ತೊಟ್ಟಿಯಲ್ಲೇ. ಒಂದು ಬಕೆಟ್ ಉಪ್ಪುನೀರು, ಒಂದು ಬಕೆಟ್ ಬರೀ ನೀರು ಎದುರಿಗಿರಲಿ. ಇಸಬ್‌ಗೋಲನ್ನು ಮೂಗಿನ ಕೊಳವೆಯಿಂದ ಕೊಡುತ್ತಿದ್ದೇನೆ, ಮರಳು ಅದಕ್ಕೆ ಸಿಕ್ಕಿಕೊಂಡು ಹೊರಬೀಳುತ್ತಿದೆ. ಆ ಕೆಲಸಕ್ಕೆ ಮಾತ್ರ ನೀವು ಕೈ ಹಾಕಬೇಡಿ. ಲ್ಯಾಬಿನ ವರದಿ ಬರುವವರೆಗೆ ಹಗ್ಗವೂ ಹಾಗೇ ಇರಲಿ.

ಇಂತಿ,
ಕೆಂಚಿಯ ಡಾಕ್ಟರು

ತಾ.ಕ.: ಹಗ್ಗದ ಬಗ್ಗೆ ಬರೆದ ಆ ಕೊನೆಯ ಸಾಲು ಸುಳ್ಳು. ವರದಿ ಮಂಗಳವಾರವೇ ಬಂತು, ಸೋಂಕಿಲ್ಲ. ಹಗ್ಗ ಬಿಚ್ಚಿದ ಮೇಲೂ ನೀವು ಮನೆಯೊಳಗೆ ಬಾ ಎನ್ನದಿದ್ದರೆ ಪಟ್ಟಣದ ಬಸ್ಸು ಹತ್ತಬೇಕಾಗುತ್ತದಲ್ಲ ಎಂದು ಹೆದರಿ ಕೂತಿದ್ದೇನೆ. ನೀವೇ ಬಂದು ಬಿಚ್ಚಿ.