ಕಿವಿಯ ಪಕ್ಕ ಹಾದುಹೋದ ಚೆಂಡು

ಯೈಜು
೧೯೮೪ ಜೂನ್ ೧೧, ಸೋಮವಾರ

ಕಿಯೊಹಿಕೊನ ಅಪ್ಪನವರಿಗೆ, ತೊಮಿಎ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಬೆನ್ನುನೋವು ಇಳಿಯಿತೇ? ಹೋದ ಸಲ ಎರಡೇ ಸಾಲು ಬರೆದಿದ್ದಿರಿ, ಅದರಲ್ಲೂ ಒಂದು ಸಾಲು ಮೀನಿನ ಸಮಾಚಾರ. ಸೊಂಟಕ್ಕೆ ಸುತ್ತಿಕೊಳ್ಳಿ ಎಂದು ಹೆಣೆದುಕೊಟ್ಟ ಉಣ್ಣೆಪಟ್ಟಿ ಪೆಟ್ಟಿಗೆಯಲ್ಲೇ ಬಿದ್ದಿರುತ್ತದೆ, ನನಗೇನು ಗೊತ್ತಿಲ್ಲವೇ? ನಿಮ್ಮ ಹಡಗು ಕೇಪ್ ಟೌನ್ ಬಂದರಿಗೆ ಬಂದಾಗ ಈ ಪತ್ರ ಕೈಸೇರುತ್ತದಂತೆ, ಕಡಿಮೆಯೆಂದರೂ ಮೂರು ವಾರ ಎಂದರು ಹಡಗು ಕಚೇರಿಯವರು. ಇಲ್ಲಿ ಮಳೆ ಹಿಡಿಯುವುದರಲ್ಲಿದೆ. ಉಮೆ ಕಾಯಿಗಳನ್ನು ಉಪ್ಪಿಗೆ ಹಾಕಿಟ್ಟೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಶನಿವಾರದಿಂದ ಬರೆದು ಬರೆದು ಹಾಳೆ ಹರಿದುಹಾಕುತ್ತಿದ್ದೇನೆ.

ಶನಿವಾರ ಸಂಜೆ ಕಿಯೊಹಿಕೊ ಆಡುವ ನಮ್ಮ ಮೀನು ಡಬ್ಬಿ ಕಾರ್ಖಾನೆಯ ಬೇಸ್‌ಬಾಲ್ ತಂಡಕ್ಕೆ ಆಟವಿತ್ತು. “ದೀಪದ ಬೆಳಕಲ್ಲಿ ಅವನು ಚೆಂಡು ಎಸೆಯೋ ಒಂದು ಫೋಟೊ ಕಳಿಸು, ಮಲಗೋ ಕಡೆ ಅಂಟಿಸ್ಕೋತೀನಿ” ಎಂದು ನೀವು ಹೇಳಿಹೋಗಿದ್ದಿರಲ್ಲ, ಅದಕ್ಕೇ ನಿಮ್ಮ ಕ್ಯಾಮೆರಾ ಹೊತ್ತುಕೊಂಡು ಹೋದೆ. ಸ್ಟುಡಿಯೋದ ಹಿರಾಇ ಒಂದು ಉದ್ದನೆಯ ಲೆನ್ಸ್ ಜೋಡಿಸಿಕೊಟ್ಟು, “ಅಕ್ಕಾ, ಫ್ಲಾಶ್ ಮಾತ್ರ ಹಾಕ್ಬೇಡಿ, ಮುಂದಿನ ಕಂಬಿ ಮೇಲಿಟ್ಟು ಉಸಿರು ಬಿಗಿಹಿಡಿದು ಒತ್ತಿ” ಎಂದಿದ್ದ. ಡಬ್ಬಿ ತುಂಬುವ ಹೆಂಗಸರೆಲ್ಲ ಮೂರು ಬಸ್ಸುಗಳಲ್ಲಿ ಬಂದಿದ್ದೆವು. ಬೀಸಣಿಗೆ, ಡೋಲು, ಕಹಳೆ, ಆ ಗದ್ದಲ ಕೇಳಬೇಡಿ. ನಾನು ಎದ್ದೆದ್ದು ನಿಲ್ಲುತ್ತಿದ್ದರೆ ನಮ್ಮ ಮೇಲ್ವಿಚಾರಕಿ ಒಕುನೊ ಅಕ್ಕ, “ಕೂತ್ಕೊಳ್ಳೇ ಮಾರಾಯ್ತಿ! ನಾವು ಆಟ ನೋಡೋಕೆ ಬಂದಿರೋದು, ನಿನ್ನ ಬೆನ್ನು ನೋಡೋಕಲ್ಲ” ಎಂದು ನನ್ನ ಸೊಂಟಪಟ್ಟಿ ಹಿಡಿದು ಎಳೆದಳು. ಕತ್ತಲಾಗುವವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಐದನೆಯ ಸರದಿಯಲ್ಲಿ, ಆಗಲೇ ದೀಪಗಳೆಲ್ಲ ಹತ್ತಿದ್ದವು, ನಮ್ಮ ಕಿಯೊಹಿಕೊ ಎಸೆದ ಚೆಂಡನ್ನು ಎದುರಾಳಿ ಹುಡುಗ ನೇರವಾಗಿ ಇವನ ಕಡೆಗೇ ಬಾರಿಸಿದ. ಈಗೀಗ ಲೋಹದ ದಾಂಡು ನೋಡಿ, ಕಿಣ್ ಎಂದು ಸದ್ದು ಬರುವಷ್ಟರಲ್ಲಿ ಚೆಂಡು ಬಂದಿರುತ್ತದೆ. ನನ್ನ ಬೆರಳು ತಾನಾಗಿ ಕ್ಯಾಮೆರಾ ಒತ್ತಿತು. ಚೆಂಡು ಇವನ ಎಡಗಿವಿಯ ಪಕ್ಕದಲ್ಲೇ ಹಾದುಹೋಯಿತು. ಒಂದು ಬೆರಳಿನಷ್ಟು ದೂರ ಇತ್ತೋ ಇಲ್ಲವೋ. ಜನ ಹೋ ಎಂದು ಕಿರುಚಿದರು. ಇವನು ಮಾತ್ರ ತಲೆ ಬಗ್ಗಿಸಲಿಲ್ಲ, ಕೈ ಎತ್ತಲಿಲ್ಲ, ಕಂಬದ ಹಾಗೆ ನಿಂತಿದ್ದ. “ನಿನ್ನ ಮಗಂಗೆ ಹೆದರಿಕೆ ಅನ್ನೋದೇ ಇಲ್ವಲ್ಲೇ!” ಎಂದು ಒಕುನೊ ಅಕ್ಕ ನನ್ನ ಬೆನ್ನಿಗೆ ಗುದ್ದಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ಅಲ್ಲಿಂದಾಚೆ ನಾನು ಫೋಟೊ ತೆಗೆಯಲಿಲ್ಲ, ಲೆನ್ಸಿನಲ್ಲಿ ಬರೀ ನೋಡಿದೆ. ಚೆಂಡು ಹಿಡಿಯುವವನು ನಮ್ಮ ಮೊರಿವಾಕಿ, ಚಿಕ್ಕಂದಿನಿಂದ ನಮ್ಮ ಮನೆಯಲ್ಲಿ ಉಂಡು ಬೆಳೆದವನು. ಯಾವ ಚೆಂಡು ಎಸೆಯಬೇಕೆಂದು ಅವನು ಕುಕ್ಕರಗಾಲಲ್ಲಿ ಕೂತು, ತೊಡೆಗಳ ನಡುವೆ ಬೆರಳು ಚಾಚಿ ಗುಟ್ಟಾಗಿ ತೋರಿಸುತ್ತಾನಲ್ಲವೇ, ರಾತ್ರಿ ಕಾಣಲಿ ಎಂದು ಉಗುರಿಗೆ ಬಿಳಿ ಬಣ್ಣ ಬೇರೆ ಬಳಿದುಕೊಂಡು? ಅವತ್ತೂ ಬಳಿದುಕೊಂಡಿದ್ದ. ಆದರೆ ಆ ಬೆರಳುಗಳು ಬರೀ ತೋರಿಕೆಗೆ. ಅದಾದ ಮೇಲೆ ಒಮ್ಮೆ ಮುಖದ ಜಾಲರಿ ಮುಟ್ಟುತ್ತಾನೆ, ಒಮ್ಮೆ ಭುಜ, ಒಮ್ಮೆ ಮಂಡಿ. ಕಿಯೊಹಿಕೊ ತಲೆಯಾಡಿಸುವುದು ಆಗಲೇ. ಎದುರಾಳಿಗಳು ಅದೇನೋ ಹೊಸ ತಂತ್ರ ಎಂದುಕೊಂಡಿರಬೇಕು. ತಂಡ ಗೆದ್ದಿತು, ಬಸ್ಸಿನಲ್ಲಿ ಎಲ್ಲರೂ ಹಾಡಿದರು. ನಾನೂ ಬಾಯಿ ಆಡಿಸಿದೆ.

ಇವತ್ತು ಮಧ್ಯಾಹ್ನ ಹಿರಾಇ ಫೋಟೊ ತೊಳೆದು ಕೊಟ್ಟ. ಕಿವಿಯ ಪಕ್ಕ ಬಿಳಿ ಗೀರಾಗಿ ಚೆಂಡು ಬಿದ್ದಿದೆ. ಹಿಂದೆ ನಿಂತ ಹುಡುಗ ಅದಾಗಲೇ ತಪ್ಪಿಸಿಕೊಳ್ಳಲು ಬಗ್ಗುತ್ತಿದ್ದಾನೆ, ಅಂಪೈರ್ ಬಾಯಿ ತೆರೆದಿದ್ದಾನೆ. ನಮ್ಮವನ ಮುಖದಲ್ಲಿ ಮಾತ್ರ ಏನೂ ಇಲ್ಲ, ಮೊರಿವಾಕಿಯ ಕೈಗವಸನ್ನೇ ನೋಡುತ್ತಿದ್ದಾನೆ. “ಎಂಥಾ ಗಂಡೆದೆ ಅಕ್ಕಾ! ದೊಡ್ಡದು ಮಾಡಿ ಅಂಗಡಿ ಮುಂದೆ ಹಾಕ್ತೀನಿ” ಎಂದ ಹಿರಾಇ. ನಾನು ಅವನ ಕೈಯಿಂದ ಕಿತ್ತುಕೊಂಡು ಬಂದೆ. ಪಾಪ, ಅವನು ಏನೆಂದುಕೊಂಡನೋ.

ಊಟಕ್ಕೆ ಕೂತಾಗ ಫೋಟೊವನ್ನು ಮಗನ ಮುಂದಿಟ್ಟೆ. ಬೆರಳಿನಿಂದ ಆ ಬಿಳಿ ಗೀರು ಮುಟ್ಟಿ ನೋಡಿದ. ಆಮೇಲೆ, “ದೀಪ ಹತ್ತಿದ ಮೇಲೆ ಎಡಗಣ್ಣು ಮಂಜು ಮಂಜಾಗುತ್ತಮ್ಮಾ. ಹಗಲಲ್ಲಿ ಏನೂ ಇಲ್ಲ” ಎಂದ. ಹೋದ ಶರತ್ಕಾಲದಲ್ಲಿ ಕೆನ್ನೆಗೆ ಬಿದ್ದ ಪೆಟ್ಟು ರೀ ಇದು. ಮೂಳೆ ಕೂಡಿತು ಎಂದು ನೀವೂ ನಾನೂ ಆಸ್ಪತ್ರೆಯಿಂದ ನಗುತ್ತಾ ಬಂದಿದ್ದೆವಲ್ಲ. ಮೊರಿವಾಕಿಗೆ ಮಾತ್ರ ಗೊತ್ತಂತೆ. ಅಷ್ಟು ಹೇಳಿ, ನಿಮ್ಮ ಮಗ ಚಾಪೆಗೆ ಹಣೆ ಹಚ್ಚಿಬಿಟ್ಟ. “ಗುರುವಾರ ಒಂದೇ ಒಂದು ಆಟ ಅಮ್ಮಾ. ಗೆದ್ರೆ ಟೋಕಿಯೊದ ದೊಡ್ಡ ಪಂದ್ಯಾವಳಿ. ಆಮೇಲೆ ನಾನೇ ಹೇಳ್ತೀನಿ. ಗುರುವಾರದವರೆಗೆ ಸುಮ್ನಿರು.” ಅವನು ಬೇಡಿಕೊಳ್ಳುವುದನ್ನು ನಾನು ಇದುವರೆಗೆ ನೋಡಿರಲಿಲ್ಲ. ಹೂಂ ಎಂದುಬಿಟ್ಟೆ.

ಹೂಂ ಎಂದಾಗಿನಿಂದ ಪಾತ್ರೆ ತಾಗಿದರೂ ಆ ಕಿಣ್ ಸದ್ದೇ ಕೇಳಿಸುತ್ತದೆ. ಗುರುವಾರದ ಆಟವೂ ದೀಪದಡಿಯಲ್ಲೇ. ಅಡಿಗೆಮನೆಯಲ್ಲಿ ನಿಂತು ನನ್ನ ಕಿವಿಯ ಪಕ್ಕ ಬೆರಳಿಟ್ಟು ಅಳೆದು ನೋಡಿದೆ, ಹುಚ್ಚಿಯ ಹಾಗೆ. ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ? ಬರೆದು ತಿಳಿಸಿ ಎನ್ನಲೂ ಆಗುವುದಿಲ್ಲ, ಉತ್ತರ ಬರುವಷ್ಟರಲ್ಲಿ ಎಷ್ಟು ಗುರುವಾರಗಳು ಕಳೆದಿರುತ್ತವೋ. ನನಗೆ ತುಂಬ ಭಯವಾಗುತ್ತಿದೆ ರೀ.

ಹಡಗಿನ ಅಡಿಗೆಯ ಕುರಾತಾ ಅವರಿಗೆ ನನ್ನ ನಮಸ್ಕಾರ ತಿಳಿಸಿ. ಗಾಳಿ ಎದ್ದ ದಿನ ಹಡಗಿನ ಅಂಚಿಗೆ ಹೋಗಬೇಡಿ. ಸಮುದ್ರ ನಿಮ್ಮನ್ನು ಸುಖವಾಗಿಡಲಿ.

ನಿಮ್ಮ
ತೊಮಿಎ

ತಾ.ಕ.: ಮಂಗಳವಾರ. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಬೆಳಿಗ್ಗೆ ತರಬೇತುದಾರ ನಿಮುರಾ ಅವರ ಮನೆಗೆ ಆ ಫೋಟೊ ತೆಗೆದುಕೊಂಡು ಹೋದೆ. ನೋಡಿದ ಕೂಡಲೇ, “ಭಲೇ! ಕಾರ್ಖಾನೆ ಪತ್ರಿಕೆ ಮುಖಪುಟಕ್ಕೇ ಹಾಕಿಸ್ತೀನಿ ಕಣಮ್ಮಾ” ಎಂದರು. “ಧೈರ್ಯ ಅಲ್ಲ ಸಾರ್ ಅದು. ಅವನಿಗೆ ಚೆಂಡು ಕಾಣಲೇ ಇಲ್ಲ” ಎಂದೆ. ಅವರು ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದರು. ಗುರುವಾರ ಬೇರೆ ಹುಡುಗ ಎಸೆಯುತ್ತಾನೆ. ಕಿಯೊಹಿಕೊ ಮಧ್ಯಾಹ್ನ ಮನೆಗೆ ಬಂದು, “ನಿನ್ನ ನಂಬಿದ್ದೆ” ಎಂದ, ಅಷ್ಟೇ. ಊಟ ಮುಟ್ಟಿಲ್ಲ. ಇನ್ನು ನನ್ನ ಜೊತೆ ಮಾತಾಡುತ್ತಾನೋ ಇಲ್ಲವೋ, ನೀವೂ ಬೈಯುತ್ತೀರೋ ಏನೋ. ಬೈಯಿರಿ. ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ, ಉಸಿರಾಡುವುದು ಇಲ್ಲಿಗೆ ಕೇಳಿಸುತ್ತದೆ.