ಎಂಟು ಬುಷ್, ಒಂಬತ್ತು ಸಾಲು

29 ಜುಲೈ 2025, ಮಂಗಳವಾರ. ಬೆಳಿಗ್ಗೆ 9.40

ಪೇಪರ್ ಬಂತು. ಕಳಿಸಿದ್ದು ಮೂರು ಸುದ್ದಿ, ಬಂದದ್ದು ಒಂದು. ರಾಂಪುರದ ಬಸ್ ತಂಗುದಾಣದ ಚಾವಣಿ. ಅದನ್ನೂ ಅರ್ಧಕ್ಕೆ ಕತ್ತರಿಸಿದ್ದಾರೆ. ಅಂಕಿ ಅಂಶ ಇದ್ದ ಅರ್ಧವೇ ಹೋಗಿದೆ. ಡೆಸ್ಕಿನ ಸರಿತಾಗೆ ಫೋನ್ ಮಾಡಿದೆ. ಜಾಗ ಇರಲಿಲ್ಲ ಸಾರ್ ಅಂದಳು. ಪಕ್ಕದಲ್ಲೇ ಯಾರದೋ ಹುಟ್ಟುಹಬ್ಬಕ್ಕೆ ಮೂರು ಕಾಲಂ ಜಾಗ ಇದೆ.

ಸಿಟ್ಟಿನಲ್ಲೇ ಮೊಳಕಾಲ್ಮುರಿನಿಂದ ಪಕ್ಕದ ಹಾನಗಲ್‌ವರೆಗೆ ಹೋಗಿ ಬಂದೆ. ಗಾಡಿಯ ಮುಂದಿನ ಎಡಗಡೆ ಟಕ್ ಟಕ್. ಹಂಪ್ ಇಳಿಯುವಾಗ ಒಂದು, ಬ್ರೇಕ್ ಒತ್ತಿದಾಗ ಇನ್ನೊಂದು. ಸ್ಟೇರಿಂಗ್ ಎಡಕ್ಕೆ ಎಳೆಯುತ್ತದೆ.

ಪದ್ಮಿನಿಯ ಆರ್‌ಸಿ ಸೆಪ್ಟೆಂಬರ್ 22ಕ್ಕೆ ಮುಗಿಯುತ್ತದೆ. ನಲವತ್ತು ವರ್ಷದ ಕಾರು. ನವೀಕರಣಕ್ಕೆ ದುರ್ಗದ ಆರ್‌ಟಿಒಗೆ ಒಯ್ಯಬೇಕು, ಇನ್ಸ್‌ಪೆಕ್ಟರ್ ಓಡಿಸಿ ನೋಡುತ್ತಾರೆ. ಈ ಸದ್ದು ಇಟ್ಟುಕೊಂಡು ಹೋದರೆ ಪಾಸಾಗುವುದಿಲ್ಲ. ಪಾಸಾಗದಿದ್ದರೆ ಗುಜರಿ.

ಪಾತಣ್ಣನಿಗೆ ಫೋನ್ ಮಾಡಿದೆ. ಚಳ್ಳಕೆರೆಯಲ್ಲಿ, ಪಾವಗಡ ರಸ್ತೆ. ಈ ಗಾಡಿ ಬಿಚ್ಚಿ ಜೋಡಿಸುವುದು ಗೊತ್ತಿರುವವನು ಈ ಕಡೆ ಅವನೊಬ್ಬನೇ. ಸದ್ದನ್ನು ನಾನು ಬಾಯಲ್ಲಿ ಮಾಡಿ ತೋರಿಸಿದೆ. ಬುಷ್ ಹೋಗಿವೆ ಅಂದ. ಚಕ್ರ ಹಿಡಿದಿರುವ ತೋಳು ಬಾಡಿಗೆ ಸೇರುವ ಕಡೆ ಇರುವ ರಬ್ಬರು. ಒಟ್ಟು ಎಂಟು. ದಾವಣಗೆರೆಯ ಹಳೇ ಅಂಗಡಿಯಲ್ಲಿ ಸಿಕ್ಕ ಮೂರು ಸೆಟ್ ತಂದಿಟ್ಟಿದ್ದಾನಂತೆ. ಒರಿಜಿನಲ್ ಅಂತೆ. ನೋಡೋಣ.

1 ಆಗಸ್ಟ್, ಶುಕ್ರವಾರ. ಸಂಜೆ

ಕೆಲಸ ಮುಗಿಯಿತು. ಗಾಡಿ ನಿನ್ನೆಯೇ ಬಿಟ್ಟು ಬಂದಿದ್ದೆ. ಬೆಳಿಗ್ಗೆ ಅಕ್ಕನೂ ಬಸ್ಸಿಗೆ ಹೊರಟಳು. ಕೈಚೀಲದಲ್ಲಿ ನಾಲ್ಕು ನಿಂಬೆಹಣ್ಣು, ಕುಂಕುಮ, ಕರ್ಪೂರ. ಗಾಡಿಯ ಕಾಲು ಬಿಚ್ಚಿಸಿದ್ದೀಯ, ಹಾಗೇ ತರಬಾರದು ಅಂದಳು. ಮುದ್ದಕ್ಕನಿಗೆ ಎದುರು ಹೇಳಿ ಗೆದ್ದವರು ನಮ್ಮ ಮನೆಯಲ್ಲಿ ಇಲ್ಲ.

ಹೋದಾಗ 9.50. ಗಾಡಿ ಜಾಕ್ ಮೇಲೆ, ಮುಂದಿನ ಚಕ್ರ ಎರಡೂ ಗಾಳಿಯಲ್ಲಿ. ಹಳೇ ಬುಷ್ ಎಂಟೂ ಬಟ್ಟಲಲ್ಲಿ ಬಿದ್ದಿದ್ದವು. ಒಣಗಿದ ಅಂಜೂರದ ಹಾಗೆ. ಹೊಸವು ಒಳಗೆ ಕೂತಿದ್ದವು, ಬೋಲ್ಟ್ ಕೈಯಲ್ಲಿ ತಿರುಗಿಸಿದಷ್ಟೇ.

10.30ಕ್ಕೆ ರಾಹುಕಾಲ. ಅಷ್ಟರೊಳಗೆ ಚಕ್ರ ನಿಂಬೆಹಣ್ಣಿನ ಮೇಲೆ ಇಳಿಯಬೇಕು, ಇಳಿದ ಮೇಲೆ ಸ್ಪ್ಯಾನರ್ ಮುಟ್ಟಿಸಬಾರದು, ನೇರ ನಾಯಕನಹಟ್ಟಿಯ ಗುಡಿಗೆ ಹೋಗಬೇಕು. ಇದು ಅಕ್ಕನ ಕಾನೂನು. ಪಾತಣ್ಣ ಏನೋ ತಕರಾರು ತೆಗೆದ. ಮೊದಲು ಇಳಿಸಬೇಕು, ಆಮೇಲೆ ಬಿಗಿಯಬೇಕು, ಒಂದು ಗಂಟೆ ಕೊಡು ಅಂತ. ಆಗಲೇ 10.20. ಒಂದು ಗಂಟೆ ಅಂದರೆ 11.20. ಅಕ್ಕನ ಮುಖ ನೋಡಿದೆ. ಮೇಲೇ ಟೈಟ್ ಮಾಡಿ ಮುಗಿಸು ಮಾರಾಯ ಅಂದೆ. ಬಿಗಿದ. 10.26ಕ್ಕೆ ಇಳಿಯಿತು.

ನಾಯಕನಹಟ್ಟಿವರೆಗೂ ಒಂದು ಸದ್ದಿಲ್ಲ. ಹಂಪ್ ಹುಡುಕಿಕೊಂಡು ಹತ್ತಿಸಿದೆ.

19 ಆಗಸ್ಟ್, ಮಂಗಳವಾರ

ಟಕ್.

ತಳಕಿನ ಹತ್ತಿರ, ಸೇತುವೆಯ ಜಾಯಿಂಟ್ ದಾಟುವಾಗ. ಗಾಡಿ ನಿಲ್ಲಿಸಿದೆ, ಮತ್ತೆ ಹೊರಟೆ, ಮತ್ತೆ ಟಕ್. ಹದಿನೆಂಟು ದಿನ. 640 ಕಿ.ಮೀ. ಹಳೇ ಬುಷ್ ಹನ್ನೊಂದು ವರ್ಷ ಬಂದಿದ್ದವು.

21 ಆಗಸ್ಟ್, ಗುರುವಾರ

ಚಳ್ಳಕೆರೆಗೆ ಹೋಗಿದ್ದೆ. ಅಕ್ಕನಿಗೆ ಕಣ್ಣಿನ ಡಾಕ್ಟರ್ ಹತ್ತಿರ ಕೆಲಸವಿತ್ತು, ಜೊತೆಗಿದ್ದಳು. ಪಾತಣ್ಣ ಗುಂಡಿಗೆ ಇಳಿದು ಟಾರ್ಚ್ ಬಿಟ್ಟು ನೋಡಿದ. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಲೇ ಇದ್ದ. ಕೆಳಗಿನ ತೋಳಿನ ಬುಷ್ ನಾಲ್ಕೂ ಹರಿದಿವೆ ಅಂದ.

ಹದಿನೆಂಟು ದಿನಕ್ಕೆ ಹರಿಯುವುದು ಒರಿಜಿನಲ್ಲಾ ಅಂತ ಕೇಳಿದೆ.

"ಮಾಲು ಒರಿಜಿನಲ್ಲೇ ಓಬಣ್ಣ. ಅವತ್ತೇ ಹೇಳಿದ್ನಲ್ಲ..." ಅಂದವನು ಸೀಟಿನಲ್ಲಿ ಕೂತಿದ್ದ ಅಕ್ಕನ ಕಡೆ ನೋಡಿ ಸುಮ್ಮನಾದ. ಏನು ಹೇಳಿದ್ದೆ, ಬೊಗಳು ಅಂದೆ. ಬೊಗಳಲಿಲ್ಲ. ಇನ್ನೊಂದು ಸೆಟ್ ಹಾಕಿಕೊಡ್ತೀನಿ, ಒಂದು ದಿನ ಬಿಟ್ಟು ಹೋಗು ಅಂದ. ಮತ್ತೆ ಅದೇ ಡಬ್ಬದಿಂದ ತೆಗೆದು!

ತಪ್ಪು ಮಾಡದವನು ಯಾಕೆ ಮಾತು ನುಂಗುತ್ತಾನೆ? ಗಾಡಿ ತಿರುಗಿಸಿಕೊಂಡು ಬಂದೆ. ಡೂಪ್ಲಿಕೇಟ್. ಖಂಡಿತ.

25 ಆಗಸ್ಟ್, ಸೋಮವಾರ

ದುರ್ಗ. ಆರ್‌ಸಿ ತಪಾಸಣೆ. ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನವರು, ಒರಟಾಗಿ ಮಾತಾಡಲಿಲ್ಲ. ಜಾಕ್ ಹಾಕಿಸಿ ಚಕ್ರ ಹಿಡಿದು ಅಲ್ಲಾಡಿಸಿದರು. ಚಕ್ರ ನನ್ನ ಬಾಯಿಯ ಹಿಂದಿನ ಹಲ್ಲಿನ ಹಾಗೆ ಆಡಿತು. ಇದರಲ್ಲಿ ಬ್ರೇಕ್ ಹಾಕಿದರೆ ಎತ್ತ ಹೋಗುತ್ತೀರೋ ನಿಮಗೇ ಗೊತ್ತಿರುವುದಿಲ್ಲ ಸಾರ್ ಅಂದರು. ಸರಿಮಾಡಿಸಿ ತನ್ನಿ. ಮುಂದಿನ ದಿನಾಂಕ ಸೆಪ್ಟೆಂಬರ್ 19.

ಸಾಲಿನಲ್ಲಿ ಹಿಂದೆ ನಿಂತಿದ್ದವನು ಕೇಳಿದ, ಯಜಮಾನ್ರೇ ಗುಜರಿಗೆ ಕೊಡ್ತೀರಾ? ಗಾಜು ಏರಿಸಿ ಗಾಡಿ ಹೊರಡಿಸಿದೆ.

ಇದೆಲ್ಲ ಪಾತಣ್ಣನಿಂದ. ಇಪ್ಪತ್ತೆರಡು ವರ್ಷ ಅವನ ಗ್ಯಾರೇಜು ಬಿಟ್ಟು ಬೇರೆಯವರ ಬಾಗಿಲು ತುಳಿದಿಲ್ಲ.

27 ಆಗಸ್ಟ್, ಬುಧವಾರ. ಗಣೇಶನ ಹಬ್ಬ

ಅಕ್ಕ ಕಡುಬು ಬೇಯಿಸುವಷ್ಟರಲ್ಲಿ ಸುದ್ದಿ ಬರೆದು ಕಳಿಸಿದೆ. ಒಂಬತ್ತು ಸಾಲು. ಹೆಸರು ಹಾಕಿಲ್ಲ, ಹಾಕುವ ಅಗತ್ಯವೂ ಇಲ್ಲ.

29 ಆಗಸ್ಟ್, ಶುಕ್ರವಾರ

ಬಂದಿದೆ. ಐದನೇ ಪುಟ, ಮೇಲೆ, ಎಡಕ್ಕೆ. 'ನಕಲಿ ಬಿಡಿಭಾಗ ಹಾವಳಿ: ವಾಹನ ಮಾಲೀಕರಿಗೆ ವಂಚನೆ.' ಒಂದು ಅಕ್ಷರ ಕತ್ತರಿಸಿಲ್ಲ. 'ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿರುವ ಹಳೆಯ ಗ್ಯಾರೇಜೊಂದರಲ್ಲಿ ಅಸಲಿ ಎಂದು ನಂಬಿಸಿ...' ಆ ರಸ್ತೆಯಲ್ಲಿ ಹಳೆಯ ಗ್ಯಾರೇಜು ಇರುವುದು ಒಂದೇ. ಚಾವಣಿ ಸುದ್ದಿಗೆ ಇಲ್ಲದ ಜಾಗ ಇದಕ್ಕೆ ಸಿಕ್ಕಿದೆ.

ಮಧ್ಯಾಹ್ನದೊಳಗೆ ನಾಲ್ಕು ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅದರ ಫೋಟೋ. ಚೆನ್ನಾಗಿ ಬರೆದಿದ್ದೀರಿ ಅಂತ ಮೂವರು ಫೋನ್ ಮಾಡಿದರು. ಊಟ ರುಚಿಸಿತು.

2 ಸೆಪ್ಟೆಂಬರ್, ಮಂಗಳವಾರ

ಚಳ್ಳಕೆರೆಯಿಂದ ಬಂದವರು ಹೇಳಿದ್ದು: ಪಾತಣ್ಣ ಅರ್ಧ ಬಿಚ್ಚಿದ್ದ ಟ್ರ್ಯಾಕ್ಟರನ್ನು ಮಾಲೀಕ ಹಗ್ಗ ಕಟ್ಟಿ ಎಳೆಸಿಕೊಂಡು ಹೋದನಂತೆ. ಇಬ್ಬರು ಬಂದು, ನಮ್ಮ ಗಾಡಿಯಿಂದ ತೆಗೆದ ಹಳೇ ಸಾಮಾನು ತೋರಿಸು ಅಂದರಂತೆ. ಟೀ ಅಂಗಡಿಯಲ್ಲಿ ಅವನಿಗೆ ಡೂಪ್ಲಿಕೇಟ್ ಪಾತಣ್ಣ ಅಂತ ಹೆಸರು ಬಿದ್ದಿದೆ.

ಮಾಡಿದ್ದು ಉಣ್ಣಲಿ.

ಗಾಡಿ ಮಾತ್ರ ಹಾಗೇ ನಿಂತಿದೆ. ಇನ್ನು ಹದಿನೇಳು ದಿನ.

6 ಸೆಪ್ಟೆಂಬರ್, ಶನಿವಾರ. ಸಂಜೆ 5

ರಾಂಪುರದ ಯರ್ರಪ್ಪನ ಹತ್ತಿರ ಹೋಗಿದ್ದೆ. ಟ್ರ್ಯಾಕ್ಟರ್ ಮೆಕ್ಯಾನಿಕ್. ಇಪ್ಪತ್ತು ಕಿ.ಮೀ. ಸ್ಪೀಡಿನಲ್ಲಿ, ರಸ್ತೆಯ ಅಂಚಿನಲ್ಲೇ ಹೋದೆ. ಪದ್ಮಿನಿ ನಾನು ಮುಟ್ಟಲ್ಲ ಸಾರ್, ಸಾಮಾನೂ ಸಿಗಲ್ಲ ಅಂದ. ಬರೀ ಬಿಚ್ಚಿ ತೋರಿಸು ಅಂದೆ. ಒಂದು ಬುಷ್ ತೆಗೆದು ಬಿಸಿಲಿಗೆ ಹಿಡಿದ. ಉಗುರಿನಿಂದ ಗೀರಿದ, ಮೂಸಿದ.

"ರಬ್ಬರ್ ಮಂಚಿದೇ ಸಾರ್. ಅಸಲಿ ಮಾಲು. ಗಾಡಿ ಮ್ಯಾಲಿದ್ದಾಗ ಟೈಟ್ ಮಾಡ್ಯಾರ ನೋಡ್ರಿ, ಒಂದೇ ಕಡಿಗೆ ತಿರುಚಿ ಹರಿದೈತಿ."

ಕೈಯಲ್ಲಿ ಮಾಡಿ ತೋರಿಸಿದ. ಚಕ್ರ ಜೋತಾಡುವಾಗ ಬೋಲ್ಟ್ ಬಿಗಿದರೆ ರಬ್ಬರು ಆ ಜೋತಾಟಕ್ಕೇ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದ ತಕ್ಷಣ ತೋಳು ಮೇಲೇಳುತ್ತದೆ, ರಬ್ಬರು ತಿರುಚುತ್ತದೆ. ಆಮೇಲೆ ಪ್ರತಿ ಗುಂಡಿಗೂ ಇನ್ನಷ್ಟು. ನೆಲಕ್ಕಿಳಿಸಿ, ಮುಂದೆ ಭಾರ ಹಾಕಿ, ಗಾಡಿ ತನ್ನ ಎತ್ತರಕ್ಕೆ ಕೂತ ಮೇಲೇ ಬಿಗಿಯಬೇಕು. ಕೆಲಸ ಗೊತ್ತಿರುವ ಯಾರೂ ಮೇಲೆ ಬಿಗಿಯುವುದಿಲ್ಲ ಅಂದ. ಹರಿದ ಬುಷ್ಷನ್ನೇ ಮತ್ತೆ ಕೂರಿಸಿ ಕೊಟ್ಟ.

ಅಂದರೆ ಪಾತಣ್ಣನಿಗೆ ಕೆಲಸವೇ ಬರುವುದಿಲ್ಲ! ಅರ್ಧ ದಾರಿಯವರೆಗೆ ಹೀಗೇ ಅವನನ್ನು ಬೈದುಕೊಂಡು ಬಂದೆ. ಹಾನಗಲ್ ತಿರುವಿನಲ್ಲಿ ಬಾಯಿ ನಿಂತಿತು.

ಮನೆಗೆ ಬಂದು ಆಗಸ್ಟ್ 1ರ ಪುಟ ತೆಗೆದೆ. ನನ್ನದೇ ಅಕ್ಷರ. ಪಾತಣ್ಣ ಹೇಳಿದ್ದೂ ಇದೆ, ನಾನು ಹೇಳಿದ್ದೂ ಇದೆ. ತಕರಾರು ಅಂತ ಬರೆದಿದ್ದೇನೆ. ತಕರಾರು!

ಅಕ್ಕನ ಮೇಲೆ ಹಾರಿದೆ. ನಿನ್ನ ನಿಂಬೆಹಣ್ಣಿನಿಂದ, ನಿನ್ನ ರಾಹುಕಾಲದಿಂದ ಅಂತ. ಅವಳು ಅಕ್ಕಿ ಆರಿಸುತ್ತಿದ್ದಳು, ಮೊರ ಕೆಳಗಿಡಲಿಲ್ಲ.

"ಹಣ್ಣು ಇಟ್ಟಿದ್ದು ನಾನು ಕಣಪ್ಪ. ಮೇಲೇ ಟೈಟ್ ಮಾಡು ಅಂದಿದ್ದು ನೀನು. ಆಗಲ್ಲ ಅಂತ ನೀನಂದಿದ್ರೆ ಹನ್ನೆರಡು ಗಂಟೆ ಆಗಾಗಂಟ ಕಾಯ್ತಿದ್ನಪ್ಪ. ನನಗೇನು ಕಚೇರಿ ಇತ್ತಾ?"

ಎರಡೂ ಕಡೆಯವರನ್ನು ಕೇಳದೆ ಬರೆಯಬೇಡಿ ಅಂತ ಹೊಸಬರಿಗೆಲ್ಲ ಹೇಳಿಕೊಡುವವನು ನಾನು. ಅವನಿಗೆ ಒಂದು ಫೋನ್ ಮಾಡಲಿಲ್ಲ.

8 ಸೆಪ್ಟೆಂಬರ್, ಸೋಮವಾರ

ಬಸ್ಸಿನಲ್ಲಿ ಚಳ್ಳಕೆರೆಗೆ. ಗ್ಯಾರೇಜಿನಲ್ಲಿ ಒಂದು ಮೊಪೆಡ್ ಬಿಟ್ಟರೆ ಏನೂ ಇರಲಿಲ್ಲ. ಪಾತಣ್ಣ ಅದರ ಕಾರ್ಬುರೇಟರ್ ತೊಳೆಯುತ್ತಿದ್ದ. ಏಳಲಿಲ್ಲ. ಕೂತ್ಕೋ ಅನ್ನಲಿಲ್ಲ. ಅವನ ಹೆಂಡತಿ ರೇಣುಕಮ್ಮ ಒಳಗಿನಿಂದ ಬಂದು ನನ್ನನ್ನು ನೋಡಿ ಹಾಗೇ ತಿರುಗಿ ಹೋದಳು. ಇದೇ ಮನೆಯಲ್ಲಿ ಎಷ್ಟು ಸಲ ಊಟ ಮಾಡಿದ್ದೇನೆ.

ಯರ್ರಪ್ಪ ಹೇಳಿದ್ದನ್ನು ಹೇಳಿದೆ. ತಪ್ಪಾಯ್ತು ಅಂದೆ. ಅವತ್ತು 21ರಂದು ಯಾಕೆ ಬಾಯಿ ಬಿಡಲಿಲ್ಲ ಅಂತಲೂ ಕೇಳಿದೆ. ಕೇಳುವಾಗ ದನಿ ಏರಿತು. ತಪ್ಪೊಪ್ಪಿಕೊಳ್ಳಲು ಹೋದವನಿಗೆ ಅಲ್ಲಿಯೂ ಸಿಟ್ಟು.

ಅಕ್ಕ ಪೂಜೆ ಮಾಡಿ ಇಳಿಸಿದ ಗಾಡಿ, ಅದರಿಂದಲೇ ಕೆಟ್ಟಿತು ಅಂತ ಅವಳ ಎದುರಿಗೆ ಹೇಗೆ ಹೇಳಲಿ ಅಂದ. ಅವತ್ತು ನಾನೂ ಬಿಗಿಯಬಾರದಿತ್ತು, ಕೈ ನಂದೇ ಅಂತಲೂ ಅಂದ. ಪೇಪರಿನಲ್ಲಿ ತಿದ್ದುಪಡಿ ಹಾಕಿಸುತ್ತೇನೆ, ನಿನ್ನ ಹೆಸರು ಹಾಕಿ, ನೀನು ಪ್ರಾಮಾಣಿಕ ಅಂತ ಬರೆಯುತ್ತೇನೆ ಅಂದೆ. ಆಗ ತಲೆ ಎತ್ತಿದ.

"ನನ್ನ ಹೆಸ್ರು ಹಾಕ್ಬ್ಯಾಡ. ನಿನ್ನ ಹೆಸ್ರು ಹಾಕು. ಓಬಯ್ಯ ಅಂಬೋನು ಬರ್ದಿದ್ದು, ಓಬಯ್ಯ ಅಂಬೋನೇ ಮೇಲೆ ಟೈಟ್ ಮಾಡ್ಸಿದ್ದು ಅಂತ. ಅದು ಬರ್ಲಿ. ಆಮೇಲೆ ಗಾಡಿ ತಗಂಬಾ."

ಅಲ್ಲಿವರೆಗೆ ಮುಟ್ಟಲ್ಲ ಅಂದ. ಅಷ್ಟೇ. ಮತ್ತೆ ಕಾರ್ಬುರೇಟರ್.

9 ಸೆಪ್ಟೆಂಬರ್, ಮಂಗಳವಾರ

ಸರಿತಾಗೆ ಫೋನ್. ಹೆಸರೇ ಹಾಕದ ಗ್ಯಾರೇಜಿಗೆ ಎಂಥ ತಿದ್ದುಪಡಿ ಸಾರ್ ಅಂದಳು. ಯಾರೂ ನೋಟಿಸ್ ಕೊಟ್ಟಿಲ್ಲವಲ್ಲ. ಕೊಟ್ಟಿಲ್ಲ, ಸುದ್ದಿ ಸುಳ್ಳು, ಅದಕ್ಕೆ ಅಂದೆ. ಸಂಪಾದಕರನ್ನು ಕೇಳಿ ವಾಪಸ್ ಫೋನ್ ಮಾಡಿದಳು. ವರದಿಗಾರನೇ ಸುಳ್ಳು ಬರೆದೆ ಅಂತ ಹೆಸರು ಹಾಕಿಕೊಂಡರೆ ನಾಳೆಯಿಂದ ಅವನು ಕಳಿಸಿದ್ದನ್ನು ಯಾರು ನಂಬುತ್ತಾರೆ, ಬಿಟ್ಟುಬಿಡಿ ಅಂದರಂತೆ.

ಒಂಬತ್ತು ಸಾಲು ಹಾಕುವಾಗ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ತೆಗೆಯುವಾಗ ಇಷ್ಟು.

ಫೋನ್ ಇಟ್ಟ ಮೇಲೆ ಸಮಾಧಾನವೂ ಆಯಿತು. ಅದನ್ನೂ ಬರೆದಿಡುತ್ತೇನೆ. ನನ್ನ ಕೈಲಾದದ್ದು ಮಾಡಿದೆ ಅಂತ ಒಂದು ಗಂಟೆ ಆರಾಮಾಗಿ ಕೂತಿದ್ದೆ.

14 ಸೆಪ್ಟೆಂಬರ್, ಭಾನುವಾರ

ಐದು ದಿನ ಏನೂ ಬರೆದಿಲ್ಲ. ಮಾಡಿದ್ದೂ ಇಲ್ಲ. ಗಾಡಿಗೆ ಹೊದಿಸಿದ ಟಾರ್ಪಾಲಿನ ಮೇಲೆ ಬೇವಿನ ಎಲೆ ಬಿದ್ದಿವೆ. ಅಕ್ಕ ಸರಿಯಾಗಿ ಮಾತಾಡುತ್ತಿಲ್ಲ. ಬೆಳಿಗ್ಗೆ ಪೇಪರ್ ನನ್ನ ಮುಂದಿಟ್ಟು ಕೇಳಿದಳು, ಇದರಲ್ಲಿ ಮಂದಿ ಹೆಸರು ಊರು ಹಾಕಿ ಬರೀತಾರಲ್ಲ, ಅವರೆಲ್ಲ ಯಾರು? ಓದುಗರ ಪತ್ರ. ನಾಲ್ಕನೇ ಪುಟ. ಯಾರು ಬೇಕಾದರೂ ಬರೆಯಬಹುದು. ಹೆಸರು, ಊರು ಇಲ್ಲದಿದ್ದರೆ ಹಾಕುವುದೇ ಇಲ್ಲ.

ಮೂವತ್ತು ವರ್ಷ ಇದೇ ಪೇಪರಿಗೆ ಬರೆದೆ, ಒಂದು ಸಲವೂ ಹೆಸರು ಬಂದಿಲ್ಲ. ಹಾಗೇ ಇರಲಿ ಅನ್ನಿಸುತ್ತಿದೆ. ಹಾಗನ್ನಿಸಿದ್ದಕ್ಕೂ ಸಿಟ್ಟು.

15 ಸೆಪ್ಟೆಂಬರ್, ಸೋಮವಾರ. ಬೆಳಿಗ್ಗೆ 8

ಕಳಿಸಿದೆ. ನಕಲು ಇಲ್ಲಿರಲಿ.

'ಆಗಸ್ಟ್ 29ರ ಸಂಚಿಕೆಯಲ್ಲಿ ಚಳ್ಳಕೆರೆ ಪಾವಗಡ ರಸ್ತೆಯ ಹಳೆಯ ಗ್ಯಾರೇಜಿನ ಬಗ್ಗೆ ಬಂದ ಸುದ್ದಿ ಸುಳ್ಳು. ಅದನ್ನು ಬರೆದವನು ನಾನು. ಬಿಡಿಭಾಗ ಅಸಲಿಯಾಗಿತ್ತು. ಕಾರನ್ನು ನೆಲಕ್ಕಿಳಿಸಿದ ಮೇಲೆ ಬೋಲ್ಟ್ ಬಿಗಿಯಬೇಕೆಂದು ಮೆಕ್ಯಾನಿಕ್ ಹೇಳಿದರೂ, ರಾಹುಕಾಲದ ಮುಂಚೆ ಮುಗಿಯಲೆಂದು ಮೇಲೇ ಬಿಗಿಸಿದವನು ನಾನು. ಬುಷ್ ಹರಿದದ್ದು ಅದರಿಂದ. ಸುದ್ದಿ ಬರೆಯುವ ಮುಂಚೆ ಅವರನ್ನು ಕೇಳಿರಲಿಲ್ಲ. — ಓಬಯ್ಯ, ಮೊಳಕಾಲ್ಮುರು.'

ಮೊದಲು 'ಕುಟುಂಬದ ಹಿರಿಯರ ಒತ್ತಾಯದಿಂದ' ಅಂತ ಒಂದು ಮಾತು ಸೇರಿಸಿದ್ದೆ. ಹೊಡೆದು ಹಾಕಿದೆ. ಸರಿತಾಗೆ ಫೋನ್ ಮಾಡಿಲ್ಲ. ಹಾಕಿದರೆ ಹಾಕಲಿ.

17 ಸೆಪ್ಟೆಂಬರ್, ಬುಧವಾರ. ಮಧ್ಯಾಹ್ನ 12.40. ಗಾಡಿಯಲ್ಲಿ

ಬಂತು. ನಾಲ್ಕನೇ ಪುಟ, ಕೆಳಗೆ. ಕೆಳಗಾದರೂ ಪೂರ್ತಿ ಬಂದಿದೆ. ಎಂಟಕ್ಕೆ ಮುಂಚೆ ಆರು ಫೋನ್. ಆಗಸ್ಟಿನಲ್ಲಿ ಚೆನ್ನಾಗಿ ಬರೆದಿದ್ದೀರಿ ಅಂದವರಲ್ಲಿ ಒಬ್ಬ ನಕ್ಕ. ಏನ್ ಪೇಪರ್ ಸಾರ್, ರಾಹುಕಾಲ ಮುಗೀತಾ ಅಂದ. ಇಟ್ಟುಬಿಟ್ಟೆ.

ಚಳ್ಳಕೆರೆಗೆ ಎರಡು ಗಂಟೆ ಹಿಡಿಯಿತು, ಸೆಕೆಂಡ್ ಗೇರಿನಲ್ಲಿ. ಗ್ಯಾರೇಜಿನ ಗೋಡೆಗೆ ಪೇಪರಿನ ಆ ಪುಟ ಆಗಲೇ ಅಂಟಿಸಿತ್ತು. ರೇಣುಕಮ್ಮ ಬಾಗಿಲಲ್ಲಿ ನಿಂತಿದ್ದಳು, ಈ ಸಲ ಒಳಗೆ ಹೋಗಲಿಲ್ಲ. ಟೀ ಕೂಡ ಬರಲಿಲ್ಲ.

ಪಾತಣ್ಣ ನನ್ನ ಹತ್ತಿರ ಮಾತಾಡುತ್ತಿಲ್ಲ. ಕೆಲಸ ಮಾಡುತ್ತಿದ್ದಾನೆ. ಎರಡನೇ ಸೆಟ್ ತೆಗೆದು ನನ್ನ ಕಣ್ಣ ಮುಂದೆಯೇ ಪ್ಯಾಕೆಟ್ ಹರಿದ, ಅದರ ಮೇಲಿನ ನಂಬರ್ ತೋರಿಸಿದ, ಆಮೇಲೆ ಒಳಗೆ ಕೂರಿಸಿದ. ಆ ನಂಬರ್ ತೋರಿಸುವ ಅಗತ್ಯ ಇರಲಿಲ್ಲ. ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಲಿ ಅಂತಲೇ ತೋರಿಸಿದ.

ಈಗ ಚಕ್ರ ನೆಲದ ಮೇಲಿವೆ. ಮುಂದೆ ಇಬ್ಬರ ಭಾರ ಬೇಕು. ಪಕ್ಕದ ಸೀಟಿಗೆ ಮಿಲ್ಲಿನಿಂದ ಶೇಂಗಾ ಹಿಂಡಿಯ ಚೀಲ ತಂದು ಹಾಕಿದ, ಸ್ಟೇರಿಂಗಿನ ಕಡೆ ನನ್ನನ್ನು ಕೂರಿಸಿದ. ಅವನಿಗೆ ಎರಡೂ ಒಂದೇ. ಬಾನೆಟ್ ಮೇಲೆ ಕೈಯೂರಿ ನಾಲ್ಕು ಸಲ ಒತ್ತಿ ಬಿಟ್ಟ. ಒಂದು ಗಂಟೆ ಹೀಗೇ ಕೂತಿರಬೇಕು ಅಂದ, ಗೋಡೆಗೆ ಹೇಳಿದ ಹಾಗೆ. ನಲವತ್ತು ನಿಮಿಷ ಆಯಿತು. ರಾಹುಕಾಲ ನಡೆಯುತ್ತಿದೆ. ಜೊತೆಗೆ ಬಂದ ಅಕ್ಕ ಹೊರಗೆ ಬೆಂಚಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದಾಳೆ.

ಕೆಳಗೆ ಗುಂಡಿಯಲ್ಲಿ ಸ್ಪ್ಯಾನರ್ ಸದ್ದು ಶುರುವಾಯಿತು. ಗಂಟೆ ತುಂಬುವ ಮುಂಚೆಯೇ ಯಾಕೆ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಎಷ್ಟು ಹೊತ್ತು ಬೇಕು ಅನ್ನುವುದು ಅವನಿಗೆ ಗೊತ್ತು. ನಾಡಿದ್ದು ದುರ್ಗ. ಪಾಸಾದರೆ

ಅಳ್ಳಾಡ್ಬ್ಯಾಡ ಅಂತ ಕೆಳಗಿನಿಂದ ಕೂಗುತ್ತಿದ್ದಾನೆ. ಬರೆಯುವಾಗ ಮೊಣಕೈ